ಬಿಸಿಲು, ಓಟ, ಸ್ಟಾಪ್‌ವಾಚ್: ಕ್ರೀಡಾ ವಿಜ್ಞಾನದ ವಿದ್ಯಾರ್ಥಿ ಸಂಶೋಧನೆಯನ್ನು ರೂಪಿಸುವ ಬಗೆ

ದೈಹಿಕ ಶಿಕ್ಷಣ ಮತ್ತು ಕ್ರೀಡಾ ವಿಜ್ಞಾನದ ತರಗತಿಗಳಲ್ಲಿ ಕೊನೆಯ ಸೆಮಿಸ್ಟರ್ ಹತ್ತಿರವಾದಂತೆ ವಿದ್ಯಾರ್ಥಿಗಳ ಬಾಯಲ್ಲಿ ಒಂದೇ ಮಾತು: ಪ್ರಾಜೆಕ್ಟ್‌ಗೆ ಯಾವ ವಿಷಯ ತೆಗೆದುಕೊಳ್ಳುವುದು? ಅದರ ಬೆನ್ನಿಗೇ ಬಳ್ಳಾರಿ, ಸಿರುಗುಪ್ಪ, ಕಂಪ್ಲಿ, ಸಂಡೂರಿನ ಶಾಲೆ ಕಾಲೇಜುಗಳ ಮೈದಾನದಲ್ಲಿ ಟೇಪು, ಕೋನ್, ಸ್ಟಾಪ್‌ವಾಚ್ ಹಿಡಿದ ಯುವಕ ಯುವತಿಯರು ಕಾಣಿಸಿಕೊಳ್ಳುತ್ತಾರೆ. ಮಗನೋ ಮಗಳೋ ಖೋ-ಖೋ ತಂಡದಲ್ಲಿದ್ದರೆ ಸಹಿಗಾಗಿ ಒಂದು ಒಪ್ಪಿಗೆ ಪತ್ರ ಮನೆಗೂ ಬರುತ್ತದೆ. ಓಡಿಸಿ ಅಳೆಯುವುದರಿಂದ ಏನು ತಿಳಿಯುತ್ತದೆ, ಎಷ್ಟು ಮಕ್ಕಳನ್ನು ಓಡಿಸಬೇಕು, ಸಹಿ ಹಾಕಬಹುದೇ ಎಂಬ ಪ್ರಶ್ನೆಗಳು ಆಗ ಪೋಷಕರಿಗೂ ಪಿ.ಟಿ. ಮೇಷ್ಟ್ರಿಗೂ ಏಳುತ್ತವೆ. ಇಂಥ ಸಂಶೋಧನೆಯನ್ನು ಹೇಗೆ ಕಟ್ಟಲಾಗುತ್ತದೆ ಎಂಬುದನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಉದಾಹರಣೆಯ ಮೂಲಕ ನೋಡೋಣ.

ದೊಡ್ಡ ಪ್ರಯೋಗಾಲಯ ಇಲ್ಲದೆ ಕ್ರೀಡಾ ಸಂಶೋಧನೆ ಸಾಧ್ಯವಿಲ್ಲ ಎಂಬ ಅಂಜಿಕೆಯನ್ನು ಮೊದಲೇ ಬದಿಗಿಡಬೇಕು. ತೋರಣಗಲ್ಲಿನ ಪಕ್ಕದ ವಿಜಯನಗರದಲ್ಲಿ 2018ರಲ್ಲಿ ಆರಂಭವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಂಥ ತರಬೇತಿ ಕೇಂದ್ರ ಬಳ್ಳಾರಿ ಜಿಲ್ಲೆಯಲ್ಲೇ ಇರುವುದರಿಂದ ಸಂಶೋಧನೆ ಎಂದರೆ ಯಂತ್ರ, ಮುಖವಾಡ, ಟ್ರೆಡ್‌ಮಿಲ್ ಎಂಬ ಚಿತ್ರ ಹಲವರ ಮನಸ್ಸಿನಲ್ಲಿ ಕುಳಿತಿದೆ. ಯಂತ್ರವಿದ್ದರೆ ಒಳ್ಳೆಯದೇ. ಆದರೆ ಪ್ರಶ್ನೆ ಸಡಿಲವಾಗಿದ್ದರೆ ಎಷ್ಟೇ ಬೆಲೆಬಾಳುವ ಯಂತ್ರವೂ ಅದನ್ನು ಬಿಗಿ ಮಾಡಲಾರದು.

ವಿಷಯದಿಂದ ಪ್ರಶ್ನೆಗೆ

‘ಬಿಸಿಲು ಮತ್ತು ಕ್ರೀಡೆ’ ಎಂಬುದು ವಿಷಯ; ಅದನ್ನು ಅಳೆಯಲು ಬರುವುದಿಲ್ಲ. ‘ಬಳ್ಳಾರಿ ಜಿಲ್ಲೆಯ ಖೋ-ಖೋ ಆಟಗಾರರ ದೈಹಿಕ ಸಾಮರ್ಥ್ಯ: ಒಂದು ಅಧ್ಯಯನ’ ಎಂಬ ಮಾದರಿಯ ಶೀರ್ಷಿಕೆಗಳು ಗ್ರಂಥಾಲಯದ ಕಪಾಟಿನಲ್ಲಿ ಸಾಕಷ್ಟು ಸಿಗುತ್ತವೆ, ಅವುಗಳದ್ದೂ ಇದೇ ತೊಂದರೆ: ಯಾವ ಅಂಕಿ ಬಂದರೂ ಅಧ್ಯಯನ ಮುಗಿಯಿತು ಎನ್ನಬಹುದು. ಸಂಶೋಧನಾ ಪ್ರಶ್ನೆಯಲ್ಲಿ ಯಾರ ಮೇಲೆ, ಏನು ಮಾಡಿ, ಯಾವುದಕ್ಕೆ ಹೋಲಿಸಿ, ಏನನ್ನು ಅಳೆಯುತ್ತೇವೆ ಎಂಬ ನಾಲ್ಕೂ ಇರಬೇಕು. ಇನ್ನೂ ಒಂದು ಪರೀಕ್ಷೆಯಿದೆ. ಯಾವ ಫಲಿತಾಂಶ ಬಂದರೆ ‘ಇಲ್ಲ’ ಎಂದು ಉತ್ತರಿಸಬೇಕಾಗುತ್ತದೆ ಎಂಬುದನ್ನು ಅಳತೆಗೆ ಮೊದಲೇ ಹೇಳಲು ಬರಬೇಕು. ಬರದಿದ್ದರೆ ಪ್ರಶ್ನೆ ಇನ್ನೂ ಹದಕ್ಕೆ ಬಂದಿಲ್ಲ.

ನಮ್ಮ ಉದಾಹರಣೆಯ ವಿದ್ಯಾರ್ಥಿನಿಗೆ ಬಿಸಿಲಿನ ಬಗ್ಗೆಯೇ ಕುತೂಹಲ. ಏಪ್ರಿಲ್–ಮೇ ತಿಂಗಳಲ್ಲಿ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ದಾಟುವ ಊರಿನಲ್ಲಿ ಅದು ಸಹಜವೇ. ಆಕೆ ಮೊದಲು ಯೋಚಿಸುವ ಯೋಜನೆ ಹೀಗಿರುತ್ತದೆ: ಅದೇ ಆಟಗಾರರನ್ನು ಬೆಳಿಗ್ಗೆ 6.30ಕ್ಕೆ ಒಮ್ಮೆ, ಸಂಜೆ 4.30ಕ್ಕೆ ಒಮ್ಮೆ 30 ಮೀಟರ್ ಓಡಿಸಿ, ಸಮಯ ಬರೆದುಕೊಂಡು, ವ್ಯತ್ಯಾಸವನ್ನು ಬಿಸಿಲಿನ ಪರಿಣಾಮ ಎನ್ನುವುದು.

ಬೆಳಿಗ್ಗೆಗೂ ಸಂಜೆಗೂ ನಡುವೆ ಬದಲಾಗುವುದು ಬಿಸಿಲೊಂದೇ ಅಲ್ಲ

ಮೇಲ್ನೋಟಕ್ಕೆ ಈ ಯೋಜನೆಯಲ್ಲಿ ಕುಂದೇನೂ ಕಾಣುವುದಿಲ್ಲ. ಆದರೆ ಮನುಷ್ಯನ ದೇಹಕ್ಕೆ ತನ್ನದೇ ಆದ ದಿನಚರಿಯಿದೆ. ದೇಹದೊಳಗಿನ ತಾಪಮಾನ ನಸುಕಿನಲ್ಲಿ ಅತಿ ಕಡಿಮೆ ಇದ್ದು, ಇಳಿಹೊತ್ತಿನಿಂದ ಸಂಜೆಯ ನಡುವೆ ಅತಿ ಹೆಚ್ಚಿಗೆ ಏರುತ್ತದೆ. ಸ್ನಾಯುಗಳ ಬಿಸಿ ಹೆಚ್ಚಿದಾಗ ಅವು ಬೇಗ ಸಂಕುಚಿಸುವುದರಿಂದ, ಜಿಗಿತ ಮತ್ತು ಚಿಕ್ಕ ಓಟದಂಥ ಚುರುಕಿನ ಕೆಲಸಗಳು ಬೆಳಗಿಗಿಂತ ಇಳಿಹೊತ್ತಿನಲ್ಲಿ ಸಾಮಾನ್ಯವಾಗಿ ಚೆನ್ನಾಗಿ ನಡೆಯುತ್ತವೆ. ಅಂದರೆ ಸಂಜೆ 4.30ಕ್ಕೆ ಬಿಸಿಲು ಆಟಗಾರ್ತಿಯನ್ನು ಹಿಂದಕ್ಕೆ ಎಳೆಯುತ್ತಿರುವಾಗಲೇ ದೇಹದ ಗಡಿಯಾರ ಆಕೆಯನ್ನು ಮುಂದಕ್ಕೆ ನೂಕುತ್ತಿರುತ್ತದೆ. ಎರಡೂ ಸಮಬಲವಾದರೆ ವ್ಯತ್ಯಾಸ ಸೊನ್ನೆ ಬರುತ್ತದೆ, ವಿದ್ಯಾರ್ಥಿನಿ ‘ಬಿಸಿಲಿನಿಂದ ಯಾವ ಪರಿಣಾಮವೂ ಇಲ್ಲ’ ಎಂದು ಬರೆಯುತ್ತಾಳೆ. ಸಂಜೆಯ ಓಟವೇ ವೇಗವಾಗಿ ಬಂದರೆ ಬಿಸಿಲು ಒಳ್ಳೆಯದು ಎಂದೂ ಬರೆಯಬಹುದು! ಇಷ್ಟರ ಮೇಲೆ, ಒಂದೇ ಒಂದು ಚಿಕ್ಕ ಓಟಕ್ಕೆ ಬಿಸಿ ವಾತಾವರಣ ಅಷ್ಟಾಗಿ ಅಡ್ಡಿಯಾಗುವುದಿಲ್ಲ. ಅದು ಕಾಡುವುದು ಮತ್ತೆ ಮತ್ತೆ ಓಡಿದಾಗ ಮತ್ತು ಹೆಚ್ಚು ಹೊತ್ತು ಓಡಿದಾಗ. ಹಾಗಾಗಿ ಆರಿಸಿಕೊಂಡ ಓಟವೂ ಪ್ರಶ್ನೆಗೆ ಒಪ್ಪುವುದಿಲ್ಲ.

ಹೀಗೆ ನಾವು ತಿಳಿಯಬೇಕೆಂದಿರುವ ಕಾರಣದ ಜೊತೆಗೇ ಬದಲಾಗಿ, ಫಲಿತಾಂಶದ ಮೇಲೂ ಪ್ರಭಾವ ಬೀರುವ ಇನ್ನೊಂದು ಸಂಗತಿಯನ್ನು ಗೊಂದಲಕಾರಿ ಚಲಕ ಎನ್ನುತ್ತಾರೆ. ಚಲಕ ಎಂದರೆ ವ್ಯಕ್ತಿಯಿಂದ ವ್ಯಕ್ತಿಗೆ ಅಥವಾ ಹೊತ್ತಿನಿಂದ ಹೊತ್ತಿಗೆ ಬದಲಾಗುವ, ಅಳೆಯಬಹುದಾದ ಯಾವುದೇ ಸಂಗತಿ. ಬೆಳಗಿನ ಓಟ ಬರಿಹೊಟ್ಟೆಯಲ್ಲಿ, ಸಂಜೆಯದು ಊಟವಾದ ಮೇಲೆ. ಬೆಳಿಗ್ಗೆ ಹಾಸ್ಟೆಲ್‌ನಿಂದ ನೇರ ಎದ್ದು ಬಂದದ್ದು, ಸಂಜೆ ದಿನವಿಡೀ ತರಗತಿಯಲ್ಲಿ ಕುಳಿತು ಬಂದದ್ದು. ಇಂಥವೆಲ್ಲ ಅದೇ ಸಾಲಿಗೆ ಸೇರುತ್ತವೆ. ಇವನ್ನು ಅಳತೆ ಮುಗಿದ ಮೇಲೆ ಲೆಕ್ಕಾಚಾರದಿಂದ ಸರಿಪಡಿಸುತ್ತೇನೆ ಎಂಬ ಭರವಸೆ ವಿದ್ಯಾರ್ಥಿಗಳಲ್ಲಿ ಸಾಮಾನ್ಯ. ಚಿಕ್ಕ ಅಧ್ಯಯನಗಳಲ್ಲಿ ಅದು ಬಹುಮಟ್ಟಿಗೆ ಆಗದ ಕೆಲಸ.

ಪರಿಹಾರವೆಂದರೆ ಪ್ರಶ್ನೆಯನ್ನೇ ತಿರುಗಿಸುವುದು. ಬಿಸಿಲನ್ನು ಬದಲಿಸಲು ವಿದ್ಯಾರ್ಥಿನಿಯ ಕೈಯಲ್ಲಾಗದು, ಆದರೆ ಬಿಸಿಲಿನಲ್ಲಿ ಆಟಗಾರ್ತಿ ಏನು ಮಾಡುತ್ತಾಳೆ ಎಂಬುದನ್ನು ಬದಲಿಸಬಹುದು. ಹೊಸ ಪ್ರಶ್ನೆ ಹೀಗೆ ನಿಲ್ಲುತ್ತದೆ: 18ರಿಂದ 23 ವರ್ಷದ ಕಾಲೇಜು ಖೋ-ಖೋ ಆಟಗಾರ್ತಿಯರು ಸಂಜೆ 4.30ರ ಹೊತ್ತಿಗೆ ಎರಡು ಸುತ್ತು ಓಡುವಾಗ, ನಡುವಿನ 10 ನಿಮಿಷದ ಬಿಡುವಿನಲ್ಲಿ ಕುತ್ತಿಗೆ ಮತ್ತು ಮುಖಕ್ಕೆ ಒದ್ದೆ ಟವೆಲ್ ಹಾಕಿಕೊಂಡರೆ, ಸುಮ್ಮನೆ ನೆರಳಲ್ಲಿ ಕುಳಿತದ್ದಕ್ಕೆ ಹೋಲಿಸಿದಾಗ, ಎರಡನೇ ಸುತ್ತಿನ ಸರಾಸರಿ ಸಮಯ ಬದಲಾಗುತ್ತದೆಯೇ? ಒಂದು ಸುತ್ತು ಎಂದರೆ 30 ಮೀಟರ್‌ನ 6 ಓಟ, ಪ್ರತಿ ಓಟದ ನಡುವೆ 30 ಸೆಕೆಂಡ್. ಗಂಟೆ ಒಂದೇ, ಮೈದಾನ ಒಂದೇ. ಬೇಕೆಂದೇ ಬದಲಿಸುವುದು ಟವೆಲ್ ಮಾತ್ರ. ಬಳ್ಳಾರಿಯ ಬೇಸಿಗೆಯ ಗಾಳಿ ಒಣಗಿರುವುದರಿಂದ ನೀರು ಬೇಗ ಆರುತ್ತದೆ, ಆರುವಾಗ ಚರ್ಮದ ಶಾಖವನ್ನು ಹೀರಿಕೊಳ್ಳುತ್ತದೆ. ಹೀಗಾಗಿ ಪರಿಣಾಮವಿದ್ದೀತು ಎಂದು ಊಹಿಸಲು ಕಾರಣವೂ ಇದೆ.

ಯಾರನ್ನು ಯಾರಿಗೆ ಹೋಲಿಸುವುದು

ವಿದ್ಯಾರ್ಥಿ ಪ್ರಾಜೆಕ್ಟ್‌ಗಳಲ್ಲಿ ಹೆಚ್ಚಾಗಿ ಕಾಣುವ ವಿನ್ಯಾಸ ‘ಮೊದಲು–ನಂತರ’. ಒಂದು ತಂಡಕ್ಕೆ ಆರು ವಾರ ತರಬೇತಿ ಕೊಟ್ಟು, ಮೊದಲಿನ ಮತ್ತು ನಂತರದ ಅಂಕಿಗಳನ್ನು ಹೋಲಿಸುತ್ತಾರೆ. ಸುಧಾರಣೆ ಕಂಡರೂ ಅದು ತರಬೇತಿಯಿಂದಲೇ ಬಂತೆಂದು ಹೇಳಲಾಗದು, ಏಕೆಂದರೆ ಆರು ವಾರದಲ್ಲಿ ಹವೆ ಬದಲಾಗಿರುತ್ತದೆ, ಪರೀಕ್ಷೆಯೇ ರೂಢಿಯಾಗಿರುತ್ತದೆ, ಆಟಗಾರರು ತಮ್ಮ ಪಾಡಿಗೆ ಆಡಿಕೊಂಡೂ ಇರುತ್ತಾರೆ. ಇನ್ನೊಂದು ಸೂಕ್ಷ್ಮವಿದೆ: ಮೊದಲ ದಿನ ಅತಿ ಕಳಪೆಯಾಗಿ ಓಡಿದವರನ್ನೇ ಆರಿಸಿ ತರಬೇತಿ ಕೊಟ್ಟರೆ, ತರಬೇತಿ ಕೊಡದಿದ್ದರೂ ಎರಡನೇ ಬಾರಿ ಅವರು ಸರಾಸರಿಯ ಕಡೆಗೆ ಸರಿದಿರುತ್ತಿದ್ದರು. ಆ ದಿನದ ಕೆಟ್ಟ ನಿದ್ದೆಯೋ ಕಾಲುನೋವೋ ಮತ್ತೊಮ್ಮೆ ಅದೇ ಹೊತ್ತಿಗೆ ಕೂಡಿಬರುವುದು ಅಪರೂಪ. ತಂದೆತಾಯಿ ಮತ್ತು ಮಕ್ಕಳ ಎತ್ತರವನ್ನು ಹೋಲಿಸುತ್ತ ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ ವಿವರಿಸಿದ ಸಂಗತಿಯಿದು.

ಹೋಲಿಕೆಗೆ ಇನ್ನೊಂದು ಗುಂಪು ಇಟ್ಟುಕೊಂಡರೆ ಇವೆಲ್ಲ ಎರಡೂ ಕಡೆ ಸಮನಾಗಿ ಹಂಚಿಹೋಗುತ್ತವೆ, ಆದರೆ ಯಾರು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿಯೇ ತೀರ್ಮಾನಿಸಬೇಕು. ಮೊದಲು ಬಂದವರು ಒಂದು ಗುಂಪು, ತಡವಾಗಿ ಬಂದವರು ಇನ್ನೊಂದು ಎಂದು ಮಾಡಿದರೆ ಶಿಸ್ತಿನವರೆಲ್ಲ ಒಂದೇ ಕಡೆ ಸೇರಿರುತ್ತಾರೆ.

ನಮ್ಮ ಟವೆಲ್ ಪ್ರಶ್ನೆಗೆ ಇನ್ನೂ ಮಿತವ್ಯಯದ ದಾರಿಯಿದೆ. ಪ್ರತಿಯೊಬ್ಬಳೂ ಎರಡೂ ರೀತಿಯಲ್ಲಿ ಓಡುತ್ತಾಳೆ: ಚೀಟಿಯ ಪ್ರಕಾರ ಅರ್ಧದಷ್ಟು ಜನ ಮೊದಲ ಓಟದ ದಿನ ಟವೆಲ್ ಪಡೆದು ಎರಡನೇ ಓಟದ ದಿನ ಇಲ್ಲದೆ ಓಡಿದರೆ, ಉಳಿದರ್ಧ ಅದನ್ನೇ ತಿರುಗುಮುರುಗಾಗಿ ಮಾಡುತ್ತಾರೆ. ಇದಕ್ಕೆ ಅದಲು-ಬದಲು ವಿನ್ಯಾಸ ಎನ್ನಬಹುದು. ಆಟಗಾರ್ತಿ ತನಗೆ ತಾನೇ ಹೋಲಿಕೆಯಾಗುವುದರಿಂದ ಒಬ್ಬಳು ಉದ್ದ ಕಾಲಿನವಳು, ಇನ್ನೊಬ್ಬಳು ಹಳೆಯ ಆಟಗಾರ್ತಿ ಎಂಬ ವ್ಯತ್ಯಾಸಗಳು ಲೆಕ್ಕದಿಂದ ಹೊರಗುಳಿಯುತ್ತವೆ. ಎರಡು ದಿನಗಳ ನಡುವೆ ಆಯಾಸ ಪೂರ್ತಿ ಇಳಿಯಲು ಕನಿಷ್ಠ ಎರಡು ಮೂರು ದಿನ ಬಿಡಬೇಕು. ತರಬೇತಿಯಂತೆ ಒಮ್ಮೆ ಕೊಟ್ಟರೆ ದೇಹದಲ್ಲಿ ಬಹುಕಾಲ ಉಳಿಯುವ ವಿಷಯಕ್ಕೆ ಈ ವಿನ್ಯಾಸ ಒಗ್ಗುವುದಿಲ್ಲ, ಟವೆಲ್‌ನ ತಂಪಿಗೆ ಒಗ್ಗುತ್ತದೆ.

ಒಂದು ತೊಡಕು ಮಾತ್ರ ಪೂರ್ತಿ ಬಗೆಹರಿಯುವುದಿಲ್ಲ. ಕುತ್ತಿಗೆಯ ಮೇಲೆ ಒದ್ದೆ ಟವೆಲ್ ಇರುವುದು ಆಟಗಾರ್ತಿಗೆ ಗೊತ್ತೇ ಇರುತ್ತದೆ, ‘ಇದರಿಂದ ಚೆನ್ನಾಗಿ ಓಡುತ್ತೇನೆ’ ಎಂಬ ನಿರೀಕ್ಷೆಯೂ ಕಾಲಿಗೆ ಬಲ ಕೊಡಬಹುದು. ಇದನ್ನು ವರದಿಯಲ್ಲಿ ನೇರವಾಗಿ ಬರೆಯಬೇಕು. ಅಳೆಯುವವರ ನಿರೀಕ್ಷೆಯನ್ನಾದರೂ ತಡೆಯಬಹುದು: ಓಟಗಳನ್ನು ಮೊಬೈಲ್‌ನಲ್ಲಿ ಚಿತ್ರೀಕರಿಸಿ, ಫೈಲುಗಳಿಗೆ ಹೆಸರಿನ ಬದಲು ಸಂಖ್ಯೆ ಕೊಟ್ಟು, ಯಾವ ಸಂಖ್ಯೆ ಯಾವ ದಿನದ್ದೆಂದು ತಿಳಿಯದ ಸಹಪಾಠಿಯಿಂದ ಸಮಯ ತೆಗೆಸುವುದು. ಇದಕ್ಕೆ ಕಾಸಿನ ಖರ್ಚಿಲ್ಲ, ಆದರೂ ಇದನ್ನು ಮಾಡಿದ ಪ್ರಾಜೆಕ್ಟ್‌ಗಳು ಕಾಣಸಿಗುವುದು ಕಡಿಮೆ.

ಎಷ್ಟು ಜನ ಸಾಕು?

‘30 ಜನ ಇದ್ದರೆ ಸಾಕು’ ಎಂಬ ಮಾತು ಕಾಲೇಜುಗಳಲ್ಲಿ ಮಂತ್ರದಂತೆ ಓಡಾಡುತ್ತದೆ. ಸರಿಯಾದ ಸಂಖ್ಯೆ ನಾವು ಹುಡುಕುತ್ತಿರುವ ಪರಿಣಾಮ ಎಷ್ಟು ದೊಡ್ಡದು ಎಂಬುದರ ಮೇಲೆ ನಿಂತಿದೆ. ಎರಡು ಗುಂಪುಗಳ ಸರಾಸರಿಯ ಅಂತರವನ್ನು, ವ್ಯಕ್ತಿಗಳ ನಡುವೆ ಸಹಜವಾಗಿರುವ ಹರಡುವಿಕೆಯಿಂದ ಭಾಗಿಸಿದರೆ ಪರಿಣಾಮದ ಗಾತ್ರ ಸಿಗುತ್ತದೆ. ಅಮೆರಿಕದ ಮನೋವಿಜ್ಞಾನಿ ಜೇಕಬ್ ಕೋಹೆನ್ 0.2 ಅನ್ನು ಚಿಕ್ಕದು, 0.5 ಅನ್ನು ಮಧ್ಯಮ, 0.8 ಅನ್ನು ದೊಡ್ಡದು ಎಂದು ಸ್ಥೂಲವಾಗಿ ಗುರುತಿಸಿದ್ದರು. ನಿಜವಾಗಿಯೂ ಇರುವ ಪರಿಣಾಮವನ್ನು 100ಕ್ಕೆ 80 ಸಲ ಹಿಡಿಯುವಂತಿರಬೇಕು ಎಂಬ ರೂಢಿಯ ಲೆಕ್ಕದಲ್ಲಿ, ಪ್ರತ್ಯೇಕ ಗುಂಪುಗಳ ಹೋಲಿಕೆಯಲ್ಲಿ ದೊಡ್ಡ ಪರಿಣಾಮಕ್ಕೆ ಗುಂಪಿಗೆ 26 ಜನ, ಮಧ್ಯಮಕ್ಕೆ 64, ಚಿಕ್ಕದಕ್ಕೆ 393 ಜನ ಬೇಕಾಗುತ್ತಾರೆ. ಅದಲು-ಬದಲು ವಿನ್ಯಾಸದಲ್ಲಿ ಹರಡುವಿಕೆ ಎಂದರೆ ಒಬ್ಬೊಬ್ಬರ ಎರಡು ದಿನಗಳ ಅಂತರದ ಹರಡುವಿಕೆ. ಅದರ ಮೇಲೆ ಎಣಿಸಿದ ಮಧ್ಯಮ ಪರಿಣಾಮಕ್ಕೆ ಒಟ್ಟು 34 ಜನ ಸಾಕು.

ಖೋ-ಖೋ ಅಂಕಣದಲ್ಲಿ ಬೆನ್ನಟ್ಟುವ ತಂಡದವರು 9 ಜನ. ಬದಲಿ ಆಟಗಾರ್ತಿಯರನ್ನು ಸೇರಿಸಿದರೂ ಒಂದೇ ಕಾಲೇಜಿನಿಂದ 34 ಸಿಗುವುದಿಲ್ಲ. ಮೂರು ನಾಲ್ಕು ಕಾಲೇಜುಗಳನ್ನು ಕೇಳಬೇಕು, ನಡುವೆ ಬಿಟ್ಟುಹೋಗುವವರಿಗಾಗಿ ಕೆಲವರನ್ನು ಹೆಚ್ಚುವರಿಯಾಗಿ ಸೇರಿಸಿಕೊಳ್ಳಬೇಕು. ಅಷ್ಟು ಜನ ಸಿಗದಿದ್ದರೆ ಪ್ರಾಜೆಕ್ಟ್ ಬಿಡಬೇಕಾಗಿಲ್ಲ, ‘ದೊಡ್ಡ ಪರಿಣಾಮ ಮಾತ್ರ ನಮ್ಮ ಕಣ್ಣಿಗೆ ಬೀಳಬಹುದು’ ಎಂದು ಮೊದಲೇ ಬರೆದಿಡಬೇಕು.

ಹೆಬ್ಬೆರಳಿನ ತಪ್ಪು

ಅಳತೆಯ ಬಗ್ಗೆ ಎರಡು ಪ್ರಶ್ನೆಗಳಿವೆ. ಅಳೆಯಬೇಕಾದದ್ದನ್ನೇ ಅಳೆಯುತ್ತಿದೆಯೇ ಎಂಬುದು ಒಂದು. ಮತ್ತೆ ಅಳೆದರೆ ಅದೇ ಉತ್ತರ ಬರುತ್ತದೆಯೇ ಎಂಬುದು ಇನ್ನೊಂದು. ಮೊದಲನೆಯದನ್ನು ಸಿಂಧುತ್ವ, ಎರಡನೆಯದನ್ನು ವಿಶ್ವಾಸಾರ್ಹತೆ ಎನ್ನುತ್ತಾರೆ. ಪಠ್ಯದಲ್ಲಿ ಎರಡೂ ಇರುತ್ತವೆ, ಮೈದಾನದಲ್ಲಿ ಎರಡನೆಯದು ಮರೆತುಹೋಗುತ್ತದೆ.

ಸ್ಟಾಪ್‌ವಾಚ್ ಹಿಡಿದ ಕೈಯನ್ನೇ ಗಮನಿಸಿ. ಓಟಗಾರ್ತಿ ಹೊರಟದ್ದನ್ನು ಕಣ್ಣು ಕಂಡು, ಹೆಬ್ಬೆರಳು ಗುಂಡಿ ಒತ್ತುವಷ್ಟರಲ್ಲಿ ಸುಮಾರು 0.2 ಸೆಕೆಂಡ್ ಕಳೆದಿರುತ್ತದೆ. ಗೆರೆ ಮುಟ್ಟುವಾಗ ಮಾತ್ರ ಹಾಗಲ್ಲ. ಆಕೆ ಹತ್ತಿರ ಬರುತ್ತಿರುವುದು ಮೊದಲೇ ಕಾಣುವುದರಿಂದ ಬೆರಳು ಸರಿಯಾದ ಕ್ಷಣಕ್ಕೆ, ಕೆಲವೊಮ್ಮೆ ತುಸು ಮೊದಲೇ ಒತ್ತಿಬಿಡುತ್ತದೆ. ಹೀಗಾಗಿ ಕೈಯಲ್ಲಿ ತೆಗೆದ ಸಮಯ ನಿಜಕ್ಕಿಂತ ಕಡಿಮೆ ಬರುತ್ತದೆ. ಅಥ್ಲೆಟಿಕ್ಸ್‌ನಲ್ಲಿ 100 ಮೀಟರ್ ಓಟದ ಕೈಗಡಿಯಾರದ ಸಮಯವನ್ನು ವಿದ್ಯುನ್ಮಾನ ಸಮಯಕ್ಕೆ ಹೋಲಿಸುವಾಗ 0.24 ಸೆಕೆಂಡ್ ಕೂಡಿಸುವ ವಾಡಿಕೆ ಬಂದದ್ದು ಇದರಿಂದಲೇ. ಪ್ರತಿ ಸಲವೂ ಒಂದೇ ಪ್ರಮಾಣದಲ್ಲಿ ಕಡಿಮೆಯಾದರೆ ಹೋಲಿಕೆಗೆ ತೊಂದರೆಯಿರುತ್ತಿರಲಿಲ್ಲ, ಆದರೆ ಬೆರಳು ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ತಪ್ಪುತ್ತದೆ.

ಆ ಏರುಪೇರು ಎಷ್ಟು ಎಂಬುದನ್ನು ಯಾರು ಬೇಕಾದರೂ ಕಂಡುಕೊಳ್ಳಬಹುದು. ಯಾವ ಟವೆಲ್ಲೂ ಇಲ್ಲದೆ ಐವರನ್ನು ಎರಡು ದಿನ ಒಂದೇ ರೀತಿ ಓಡಿಸಿ. ಎರಡು ದಿನಗಳ ಅಂತರ ಕ್ರಮವಾಗಿ 0.05, –0.12, 0.08, –0.03, 0.12 ಸೆಕೆಂಡ್ ಬಂತೆಂದು ಊಹಿಸೋಣ. ಈ ಅಂತರಗಳ ಪ್ರಮಾಣಿತ ವಿಚಲನೆ, ಅಂದರೆ ಸರಾಸರಿಯ ಸುತ್ತ ಅವು ಎಷ್ಟು ಹರಡಿವೆ ಎಂಬ ಅಳತೆ, ಸುಮಾರು 0.096. ಅದನ್ನು 2ರ ವರ್ಗಮೂಲದಿಂದ ಭಾಗಿಸಿದರೆ 0.07 ಸೆಕೆಂಡ್: ಇದು ಅಳತೆಯ ವಾಡಿಕೆಯ ದೋಷ, ಅಂದರೆ ಒಂದು ಅಳತೆ ಸಾಮಾನ್ಯವಾಗಿ ಇಷ್ಟರಮಟ್ಟಿಗೆ ತಪ್ಪಬಹುದು. ಟವೆಲ್‌ನಿಂದ 0.05 ಸೆಕೆಂಡ್ ಲಾಭವಾಗಬಹುದೆಂದು ನಿರೀಕ್ಷಿಸಿ, ಒಬ್ಬೊಬ್ಬಳಿಂದ ಒಂದೇ ಓಟ ಓಡಿಸಿ ಅಳೆಯುವುದೆಂದರೆ ಹತ್ತಿ ಅಂಡಿಗೆ ತೂಗುವ ಕಾಟಾದ ಮೇಲೆ ಮೂಗುತಿ ಇಟ್ಟಂತೆ. 6 ಓಟಗಳ ಸರಾಸರಿ ತೆಗೆದುಕೊಳ್ಳುವುದು ಇದಕ್ಕಾಗಿಯೇ, ಸರಾಸರಿಯಲ್ಲಿ ಬೆರಳಿನ ತಪ್ಪು ಕುಗ್ಗುತ್ತದೆ. ಆದರೆ ಆ ದಿನದ ನಿದ್ದೆ, ಊಟ, ಮನಸ್ಸಿನ ಏರುಪೇರು ಅದೇ ದಿನ ಎಷ್ಟು ಸಲ ಓಡಿಸಿದರೂ ಕುಗ್ಗುವುದಿಲ್ಲ. ಅದನ್ನು ತಗ್ಗಿಸುವುದು ಜನರ ಸಂಖ್ಯೆ ಮಾತ್ರ. ಮೊಬೈಲ್‌ನ ನಿಧಾನಗತಿ ಚಿತ್ರೀಕರಣ ಸೆಕೆಂಡಿಗೆ 240 ಚೌಕಟ್ಟು ಹಿಡಿಯುವಂತಿದ್ದರೆ ಒಂದು ಚೌಕಟ್ಟಿಗೆ ಸುಮಾರು 0.004 ಸೆಕೆಂಡ್ ಆಗುತ್ತದೆ. ಫೋನನ್ನು ಸ್ಟ್ಯಾಂಡಿಗೆ ಕಟ್ಟಿ ಗೆರೆಯ ನೇರಕ್ಕೆ ನಿಲ್ಲಿಸಿದರೆ ಹೆಬ್ಬೆರಳಿನ ಸಮಸ್ಯೆ ಬಹುತೇಕ ಮುಗಿಯುತ್ತದೆ.

ಉಪಕರಣದಷ್ಟೇ ನೆಲವೂ ಮುಖ್ಯ. ನಮ್ಮ ಕಡೆ ಒಂದು ಮೈದಾನ ಮಸಾರಿ ಮಣ್ಣಿನದಾದರೆ ಪಕ್ಕದ ಊರಿನದು ಎರೆ ಮಣ್ಣಿನದು. ಒಂದು ಅಡ್ಡ ಮಳೆ ಬಿದ್ದರೆ ಎರೆ ಕಾಲಿಗೆ ಮೆತ್ತಿಕೊಳ್ಳುತ್ತದೆ, ಒಣಗಿದರೆ ಬಿರುಕು ಬಿಡುತ್ತದೆ. ಆದ್ದರಿಂದ ಒಬ್ಬಳ ಎರಡೂ ಓಟದ ದಿನಗಳು ಒಂದೇ ಮೈದಾನದಲ್ಲಿ, ಅದೇ ಬೂಟಿನಲ್ಲಿ ಅಥವಾ ಎರಡೂ ಸಲ ಬರಿಗಾಲಿನಲ್ಲಿ ನಡೆಯಬೇಕು. ಮಳೆಯ ಮರುದಿನ ಅಳತೆ ಬೇಡ.

ಹವೆಯನ್ನೂ ಬರೆದಿಡಬೇಕು, ತಾಪಮಾನ ಒಂದೇ ಸಾಲದು. ಬೆವರು ಆರುವುದು ಗಾಳಿಯ ತೇವದ ಮೇಲೆ ನಿಂತಿರುವುದರಿಂದ ಕ್ರೀಡೆಯಲ್ಲಿ ಮತ್ತು ಸೇನಾ ತರಬೇತಿಯಲ್ಲಿ ಬಳಸುವ ಬಿಸಿಲಿನ ಸೂಚ್ಯಂಕದಲ್ಲಿ ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರಿಗೆ 0.7, ಬಿಸಿಲಿಗೊಡ್ಡಿದ ಕಪ್ಪು ಗೋಳದ ತಾಪಕ್ಕೆ 0.2, ಸಾಮಾನ್ಯ ಥರ್ಮಾಮೀಟರಿಗೆ 0.1 ಪಾಲು ಕೊಟ್ಟಿದ್ದಾರೆ. ಓಟಗಾರ್ತಿಗೆ ಆದ ಶ್ರಮವನ್ನು ಕೇಳಿ ತಿಳಿಯಲು ಸ್ವೀಡನ್ನಿನ ಗುನ್ನಾರ್ ಬೋರ್ಗ್ ರೂಪಿಸಿದ 6ರಿಂದ 20ರವರೆಗಿನ ಮಾಪಕವಿದೆ, ಪದಗಳನ್ನು ಸರಳ ಕನ್ನಡದಲ್ಲಿ ಹಾಳೆಯ ಮೇಲೆ ಬರೆದು ತೋರಿಸಿದರೆ ಬೆರಳಿಟ್ಟು ಹೇಳುತ್ತಾರೆ.

ಸಹಿ ಹಾಕುವ ಮೊದಲು

ಮನುಷ್ಯರ ಮೇಲಿನ ಸಂಶೋಧನೆಗೆ 1964ರ ಹೆಲ್ಸಿಂಕಿ ಘೋಷಣೆ ಜಗತ್ತಿನಾದ್ಯಂತ ಆಧಾರವಾಗಿದ್ದರೆ, ಭಾರತದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿ ದಾರಿ ತೋರುತ್ತದೆ. ಅಳತೆ ಆರಂಭವಾಗುವ ಮೊದಲೇ ನೈತಿಕ ಸಮಿತಿ ಯೋಜನೆಯನ್ನು ಓದಿ ಅನುಮತಿ ಕೊಟ್ಟಿರಬೇಕು; ಅಳತೆ ಮುಗಿಸಿ ಹಿಂದಿನ ತಾರೀಕು ಹಾಕಿಸಿಕೊಳ್ಳುವುದು ಅನುಮತಿಯಾಗದು. 18 ವರ್ಷದೊಳಗಿನವರಿದ್ದರೆ ಪೋಷಕರ ಸಹಿ ಕಡ್ಡಾಯ, ಅದರ ಜೊತೆಗೆ 7ರಿಂದ 12 ವರ್ಷದ ಮಕ್ಕಳಿಂದ ಬಾಯಿಮಾತಿನ ಸಮ್ಮತಿ, ಅದಕ್ಕಿಂತ ದೊಡ್ಡವರಿಂದ ಬರಹದ ಸಮ್ಮತಿ ಪಡೆಯಬೇಕು. ನಮ್ಮ ವಿದ್ಯಾರ್ಥಿನಿ 18 ದಾಟಿದವರನ್ನೇ ಆರಿಸಿಕೊಂಡಿದ್ದಕ್ಕೆ ಇದೂ ಒಂದು ಕಾರಣ.

ಪೋಷಕರು ಪತ್ರದಲ್ಲಿ ನೋಡಬೇಕಾದದ್ದು ಇಷ್ಟು: ಅದು ಓದಿದರೆ ಅರ್ಥವಾಗುವ ಕನ್ನಡದಲ್ಲಿದೆಯೇ, ಮಗು ಏನೇನು ಮಾಡಬೇಕು, ಅಪಾಯ ಏನು, ಹೆಸರು ಗುಟ್ಟಾಗಿ ಉಳಿಯುತ್ತದೆಯೇ, ಯಾವಾಗ ಬೇಕಾದರೂ ಕಾರಣ ಹೇಳದೆ ಹಿಂದೆ ಸರಿಯಬಹುದೇ. ಕೊನೆಯದು ಕಾಗದದ ಮೇಲಿದ್ದರೂ ಮೈದಾನದಲ್ಲಿ ಕಷ್ಟ. ಕೋಚ್ ಪಕ್ಕದಲ್ಲಿ ನಿಂತು ‘ಎಲ್ಲರೂ ಬರ್ರಿ’ ಎಂದರೆ ಇಲ್ಲ ಎನ್ನುವ ಆಟಗಾರ್ತಿ ಅಪರೂಪ, ಆದ್ದರಿಂದ ಒಪ್ಪಿಗೆ ಕೇಳುವಾಗ ಕೋಚ್ ಅಲ್ಲಿರದಂತೆ ನೋಡಿಕೊಳ್ಳಬೇಕು. ಬಿಸಿಲಿನ ಅಧ್ಯಯನವಾದ್ದರಿಂದ ನಿಲ್ಲಿಸುವ ನಿಯಮಗಳನ್ನೂ ಮೊದಲೇ ಬರೆದಿರಬೇಕು: ಯಾವ ಮಟ್ಟದ ಬಿಸಿಲಿಗೆ ಆ ದಿನದ ಓಟ ರದ್ದು, ತಲೆಸುತ್ತು, ವಾಂತಿ, ತೊದಲು ಮಾತು ಕಂಡರೆ ಯಾರು ಏನು ಮಾಡಬೇಕು, ಐಸ್ ಮತ್ತು ನೀರು ಎಲ್ಲಿರುತ್ತದೆ, ಆಸ್ಪತ್ರೆಗೆ ಯಾವ ವಾಹನ.

ಅಂಕಿ ಬಂದ ಮೇಲೆ

ಯಾವ ಲೆಕ್ಕಾಚಾರ ಮಾಡುತ್ತೇವೆ ಎಂಬುದನ್ನು ಅಂಕಿ ನೋಡುವ ಮೊದಲೇ ತೀರ್ಮಾನಿಸಿರಬೇಕು. ಒಬ್ಬಳ ಎರಡು ದಿನಗಳನ್ನು ಹೋಲಿಸುವ ನಮ್ಮ ವಿನ್ಯಾಸಕ್ಕೆ, ಆ ಅಂತರಗಳ ಸರಾಸರಿ ಸೊನ್ನೆಯಿಂದ ಎಷ್ಟು ದೂರವಿದೆ ಎಂದು ನೋಡುವ ಜೋಡಿ ಟಿ-ಪರೀಕ್ಷೆ ಸರಳ ಆಯ್ಕೆ. ಅದು ಕೊಡುವ ಪಿ-ಮೌಲ್ಯ ಹೇಳುವುದಿಷ್ಟು: ಟವೆಲ್‌ಗೆ ಯಾವ ಪರಿಣಾಮವೂ ಇಲ್ಲದಿದ್ದಾಗ, ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಬರೀ ಆಕಸ್ಮಿಕವಾಗಿ ಕಾಣುವ ಸಂಭವ ಎಷ್ಟು. ಟವೆಲ್ ಕೆಲಸ ಮಾಡುವ ಸಂಭವವನ್ನು ಅದು ಹೇಳುವುದಿಲ್ಲ. ಪಿ-ಮೌಲ್ಯ 0.05ಕ್ಕಿಂತ ಕಡಿಮೆಯಿದ್ದರೆ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿಯುವ ಗಡಿ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ 1920ರ ದಶಕದಲ್ಲಿ ಅನುಕೂಲಕ್ಕೆಂದು ಸೂಚಿಸಿ ಪ್ರಚಾರಕ್ಕೆ ತಂದದ್ದು, 0.049 ಮತ್ತು 0.051ರ ನಡುವೆ ಪ್ರಕೃತಿಯಲ್ಲಿ ಯಾವ ಗೋಡೆಯೂ ಇಲ್ಲ. ಅದಕ್ಕಿಂತ ಉಪಯುಕ್ತವಾದದ್ದು ವಿಶ್ವಾಸ ವ್ಯಾಪ್ತಿ, ಅಂದರೆ ನಮ್ಮ ಅಂಕಿಗಳಿಗೆ ಹೊಂದುವಂತೆ ನಿಜವಾದ ಲಾಭ ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಎಂಬ ಅಂದಾಜು. ಸರಾಸರಿ ಲಾಭ 0.06 ಸೆಕೆಂಡ್, ವ್ಯಾಪ್ತಿ –0.01ರಿಂದ 0.13 ಎಂದು ಬಂದರೆ, ಲಾಭ ತೀರಾ ಇಲ್ಲದೆಯೂ ಇರಬಹುದು, ಆಟ ಬದಲಿಸುವಷ್ಟು ದೊಡ್ಡದೂ ಇರಬಹುದು ಎಂದು ಓದುಗರಿಗೆ ಒಂದೇ ನೋಟಕ್ಕೆ ತಿಳಿಯುತ್ತದೆ. ಇಪ್ಪತ್ತು ಬೇರೆ ಬೇರೆ ಅಳತೆಗಳನ್ನು ಪರೀಕ್ಷಿಸಿ ಗಡಿ ದಾಟಿದ ಒಂದನ್ನೇ ಶೀರ್ಷಿಕೆಗೆ ಏರಿಸುವುದು ಮಾತ್ರ ಸಲ್ಲದು: 0.05ರ ಗಡಿಯಲ್ಲಿ ಇಪ್ಪತ್ತಕ್ಕೆ ಸರಾಸರಿ ಒಂದು ಸುಮ್ಮನೆಯೇ ದಾಟುತ್ತದೆ.

ಕ್ಯಾಲೆಂಡರ್ ಮತ್ತು ಪೂರ್ವಪ್ರಯೋಗ

ಬೇರೆ ಊರಿನ ವೇಳಾಪಟ್ಟಿ ಇಲ್ಲಿ ನಡೆಯುವುದಿಲ್ಲ. ಮೊಹರಂಗೆ ಬಳ್ಳಾರಿ, ಕೊಪ್ಪಳ, ರಾಯಚೂರಿನ ಹಳ್ಳಿಗಳ ಹುಡುಗಿಯರು ಜಾತಿ ಧರ್ಮದ ಭೇದವಿಲ್ಲದೆ ಊರಿಗೆ ಹೋಗಿಬಿಡುತ್ತಾರೆ. ಮೆಣಸಿನಕಾಯಿ, ಹತ್ತಿ ಬಿಡಿಸುವ ಕಾಲದಲ್ಲಿ ಹೊಲದ ಮನೆಗಳಿಂದ ಬಂದವರು ವಾರಗಟ್ಟಲೆ ಸಿಗುವುದಿಲ್ಲ, ಸಿಕ್ಕರೂ ಬಗ್ಗಿ ದುಡಿದ ಬೆನ್ನಿನೊಡನೆ ಬರುತ್ತಾರೆ. ರಂಜಾನ್ ಉಪವಾಸ, ವಾರದ ಒಪ್ಪತ್ತು ಮಾಡುವವರಲ್ಲಿ ದೇಹದ ನೀರಿನ ಮಟ್ಟ ಬೇರೆಯೇ ಇರುತ್ತದೆ, ಹಾಗಾಗಿ ಒಬ್ಬಳ ಎರಡು ಓಟದ ದಿನಗಳಲ್ಲಿ ಒಂದು ಉಪವಾಸದ ದಿನ, ಇನ್ನೊಂದು ಊಟದ ದಿನ ಆಗದಂತೆ ಜೋಡಿಸಬೇಕು.

ಇವೆಲ್ಲ ಕಾಗದದ ಮೇಲೆ ಸಿದ್ಧವಾದ ಮೇಲೆ, ಅಧ್ಯಯನಕ್ಕೆ ಸೇರದ ಇಬ್ಬರು ಮೂವರು ಗೆಳತಿಯರನ್ನು ಕರೆದು ಒಂದು ಸಂಜೆ ಪೂರ್ತಿ ಓಡಿಸಿ ನೋಡಬೇಕು. 30 ಸೆಕೆಂಡಿನಲ್ಲಿ ಓಟಗಾರ್ತಿ ತಿರುಗಿ ಗೆರೆಗೆ ಬರಲು ಆಗುತ್ತದೆಯೇ, 10 ನಿಮಿಷದಲ್ಲಿ ಟವೆಲ್ ಎಷ್ಟು ಸಲ ಮತ್ತೆ ನೀರಿಗೆ ಅದ್ದಬೇಕಾಗುತ್ತದೆ, ಇಳಿಬಿಸಿಲು ಫೋನಿನ ಕಣ್ಣಿಗೆ ನೇರ ಬೀಳುತ್ತದೆಯೇ ಎಂಬ ಸಂಗತಿಗಳು ಅಲ್ಲಿಯೇ ಗೊತ್ತಾಗುವುದು. ಬೇಕಾದ ಬದಲಾವಣೆಗಳನ್ನು ಆಗಲೇ ಮಾಡಿಕೊಂಡು, ಗೈಡ್‌ಗೆ ತೋರಿಸಿ, ನೈತಿಕ ಸಮಿತಿಗೂ ತಿಳಿಸಬೇಕು. ಮೊದಲ ಆಟಗಾರ್ತಿ ಗೆರೆಯ ಮೇಲೆ ನಿಂತ ನಂತರ ಕ್ರಮ ಬದಲಾಗಬಾರದು. ಬದಲಿಸಲೇಬೇಕಾಗಿ ಬಂದರೆ ತಾರೀಕು ಮತ್ತು ಕಾರಣವನ್ನು ಪ್ರಾಜೆಕ್ಟ್ ನೋಟ್‌ಬುಕ್ಕಿನಲ್ಲಿ ಅದೇ ದಿನ ಬರೆಯಬೇಕು, ಏಕೆಂದರೆ ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಕೇಳುವುದು ಅದನ್ನೇ.